ಪೇಪರ್ ಮುಖಪುಟದಲ್ಲಿ ರಾಜಕಾರಣಿನ ಹೇಗೆ ತೋರಿಸ್ತಾರೆ: ಹೆಡ್‌ಲೈನ್, ಫೋಟೊ ಎರಡನ್ನೂ ಓದೋದು ಹೇಗೆ

ಪೇಪರ್ ನೋಡಿ "ಇವ್ರು ಆ ಪಾರ್ಟಿ ಕಡೆ, ಬರೀ ಸುಳ್ಳು" ಅಂತ ಕೂಗಾಡೋರು ಬೇಜಾನ್ ಜನ ಇದಾರೆ, ಆದ್ರೆ ಎಲ್ಲಿ ಅಂತ ಬೆರಳಿಟ್ಟು ತೋರ್ಸಿ ಅಂದ್ರೆ ತಡವರಿಸ್ತಾರೆ. ಯಾಕಂದ್ರೆ ಮುಖಪುಟದಲ್ಲಿ ಹಸಿ ಸುಳ್ಳು ಸಿಗೋದು ಕಮ್ಮಿ, ಸುಳ್ಳು ಹಾಕಿದ್ರೆ ಕೇಸ್ ಬೀಳತ್ತೆ, ತಿದ್ದುಪಡಿ ಹಾಕ್ಬೇಕಾಗತ್ತೆ, ಯಾರಿಗೆ ಬೇಕು ಆ ತಲೆನೋವು. ಒಬ್ಬ ರಾಜಕಾರಣಿನ ಗಟ್ಟಿ ನಾಯಕ ಥರ ಕಾಣ್ಸೋದು ಅಥವಾ ಕೈಲಾಗದವನ ಥರ ಕಾಣ್ಸೋದು ಎಲ್ಲಾ ನಡೆಯೋದು ಆಯ್ಕೆಯಲ್ಲಿ. ನೂರು ಫೋಟೊದಲ್ಲಿ ಯಾವ ಒಂದು, ಹತ್ತು ಕ್ರಿಯಾಪದದಲ್ಲಿ ಯಾವ್ದು, ಆರು ಸುದ್ದಿಯಲ್ಲಿ ಮೇಲೆ ಯಾವ್ದು. ಹಾಗಾಗಿ ಮುಖಪುಟ ನೋಡ್ತಾ ಒಂದೇ ಪ್ರಶ್ನೆ ಕೇಳ್ತಾ ಹೋಗಿ: ಇದರ ಬದಲು ಇಲ್ಲಿ ಇನ್ನೇನು ಹಾಕಬಹುದಿತ್ತು? ಈ ಬರಹ ಪೂರ್ತಿ ಆ ಪ್ರಶ್ನೆ ಕೇಳೋ ವಿಧಾನ ಅಷ್ಟೇ.

ಶುರು ಮಾಡೋವಾಗ ಓದಲೇಬೇಡಿ. ಪೇಪರ್ ಕೈ ಚಾಚಿ ದೂರ ಹಿಡಿದು, ಇಲ್ಲಾ ಇ-ಪೇಪರ್ ಆದ್ರೆ ಪೂರ್ತಿ ಪುಟ ಒಂದೇ ಸ್ಕ್ರೀನಲ್ಲಿ ಕಾಣೋ ಹಾಗೆ ಸಣ್ಣ ಮಾಡ್ಕೊಂಡು, ಅಕ್ಷರ ಓದಕ್ಕಾಗದ ಸೈಜಲ್ಲಿ ನೋಡಿ. ಕಣ್ಣು ಮೊದಲು ಎಲ್ಲಿ ಹೋಯ್ತು, ಆಮೇಲೆ ಎಲ್ಲಿ ಹೋಯ್ತು ಅಂತ ಗುರುತು ಹಾಕ್ಕೊಳಿ. ಪೇಪರ್ ಮಡಚಿ ಜೋಡಿಸಿಟ್ಟಾಗ ಕಾಣೋದು ಮೇಲಿನ ಅರ್ಧ ಮಾತ್ರ, ಅದಕ್ಕೇ ಮಡಿಕೆಯಿಂದ ಮೇಲಿನ ಜಾಗಕ್ಕೆ ಅಷ್ಟು ಬೆಲೆ. ಒಬ್ಬ ನಾಯಕನ ಮೇಲಿನ ಆರೋಪ ಮೇಲಿನ ಅರ್ಧದಲ್ಲಿ ಪುಟದ ಅಗಲಕ್ಕೂ ಬಂದು, ಅವನ ಉತ್ತರ ಮಡಿಕೆ ಕೆಳಗೆ ಸಿಂಗಲ್ ಕಾಲಂ ಬಂದಿದ್ರೆ, ಎರಡೂ ಕಡೆ ವಾದ ಹಾಕಿದೀವಿ ಅಂತ ಪೇಪರ್‌ನವರು ಹೇಳಬಹುದು, ಅದು ಸುಳ್ಳೂ ಅಲ್ಲ, ಆದ್ರೆ ಪುಟ ಆಗ್ಲೇ ತೀರ್ಪು ಕೊಟ್ಟಾಗಿದೆ. ಕಾಲಂ ಲೆಕ್ಕ ಹಾಕಿ, ಅಕ್ಷರದ ಸೈಜ್ ನೋಡಿ. ಇನ್ನೊಂದು, ಪುಟದಲ್ಲಿ ಏನಿಲ್ಲ ಅನ್ನೋದು. ಬೇರೆ ಮೂರು ಪೇಪರಲ್ಲಿ ಲೀಡ್ (ಪುಟದ ಮುಖ್ಯ ಸುದ್ದಿ) ಆಗಿರೋದು ಇದರಲ್ಲಿ ಏಳನೇ ಪುಟಕ್ಕೆ ಹೋಗಿದ್ರೆ ಅದೂ ಒಂದು ಹೇಳಿಕೆನೇ, ಮತ್ತು ಅದು ಒಂದೇ ಪೇಪರ್ ಓದೋರಿಗೆ ಯಾವತ್ತೂ ಗೊತ್ತಾಗಲ್ಲ.

ಇಲ್ಲೇ ಒಂದು ಮಾತು ಹೇಳ್ಬಿಡ್ತೀನಿ, ಹೆಡ್‌ಲೈನ್ ನೋಡಿ ರಿಪೋರ್ಟರ್‌ಗೆ ಬೈಬೇಡಿ. ಸಾಮಾನ್ಯವಾಗಿ ಹೆಡ್‌ಲೈನ್ ಹಾಕೋದು ಡೆಸ್ಕಲ್ಲಿ, ಅಂದ್ರೆ ಸುದ್ದಿ ತಿದ್ದೋ ವಿಭಾಗದಲ್ಲಿ ಕೂತಿರೋ ಸಬ್ ಎಡಿಟರ್, ಫೋಟೊ ಆರಿಸೋದು ಇನ್ನೊಬ್ರು, ಲೀಡ್ ಯಾವ್ದು ಅಂತ ತೀರ್ಮಾನ ಆಗೋದು ಸಂಜೆ ಮೀಟಿಂಗಲ್ಲಿ. ಒಳಗಿನ ಸುದ್ದಿ ಸಮಾಧಾನವಾಗಿ ಬರೆದಿದ್ದು ಮೇಲಿನ ಹೆಡ್‌ಲೈನ್ ಬೆಂಕಿ ಉಗುಳ್ತಾ ಇದ್ರೆ ಆ ಎರಡರ ನಡುವಿನ ಅಂತರನೇ ನೀವು ನೋಡ್ಬೇಕಾದ್ದು, ಪೇಪರಿನ ಮನಸ್ಸಲ್ಲಿ ಏನಿದೆ ಅನ್ನೋದು ಅಲ್ಲಿ ಸಿಗತ್ತೆ.

ಯಾರು ಮಾಡಿದ್ರು ಅನ್ನೋದನ್ನ ಹುಡುಕಿ

ಈಗ ಹೆಡ್‌ಲೈನಿಗೆ ಬರೋಣ. ಎಲ್ಲಕ್ಕಿಂತ ಮೊದಲು ನೋಡ್ಬೇಕಾದ್ದು ಕರ್ತೃ ಇದಾನಾ ಇಲ್ವಾ ಅಂತ. ಕನ್ನಡ ಹೆಡ್‌ಲೈನಲ್ಲಿ ಕ್ರಿಯಾಪದ ಪೂರ್ತಿ ಬರೆಯೋದೇ ಕಮ್ಮಿ, "ಏರಿಕೆ", "ರದ್ದು", "ವಿಳಂಬ", "ಲಾಠಿ ಪ್ರಹಾರ" ಅಂತ ನಾಮಪದ ಇಟ್ಟು ಮುಗಿಸ್ತಾರೆ, ಹೀಗಾಗಿ ಮಾಡಿದೋರ ಹೆಸರು ಬಿಡೋದು ನಮ್ಮ ಭಾಷೆಯಲ್ಲಿ ತುಂಬಾ ಸಲೀಸು, ಯಾರಿಗೂ ಅನುಮಾನನೂ ಬರಲ್ಲ. "ತೆರಿಗೆ ಏರಿಕೆ" ಅಂದ್ರೆ ಯಾರು ಏರಿಸಿದ್ರು? ಮಳೆ ಬಂದ ಹಾಗೆ ತಾನಾಗೇ ಏರಿದೆ. "ತೆರಿಗೆ ಇಳಿಸಿದ ಹಣಕಾಸು ಸಚಿವ" ಅಂದ್ರೆ ಒಬ್ಬ ಮನುಷ್ಯ ಎದ್ದು ಬಂದು ನಿಂತ್ಕೊಂಡ. ಒಂದು ಪೇಪರ್ ಒಂದು ತಿಂಗಳು ಇಟ್ಕೊಂಡು ಇದೊಂದನ್ನೇ ಗಮನಿಸಿ ನೋಡಿ, ಒಳ್ಳೆ ಸುದ್ದಿಯಲ್ಲಿ ನಾಯಕನ ಹೆಸರು ಇರತ್ತೆ, ಕೆಟ್ಟ ಸುದ್ದಿಯಲ್ಲಿ ನಾಮಪದ ಮಾತ್ರ ಇರತ್ತೆ ಅಂತಾದ್ರೆ ಆ ಪೇಪರ್ ಅವರ ಕಡೆ. ಉಲ್ಟಾ ಇದ್ರೆ, ಅಂದ್ರೆ ಬೆಲೆ ಏರಿದಾಗ "ಜನರ ಜೇಬಿಗೆ ಕೈ ಹಾಕಿದ ಸಚಿವ" ಅಂತ ಹೆಸರು ಸಮೇತ ಬಂದು, ಇಳಿದಾಗ ಸುಮ್ನೆ "ಬೆಲೆ ಇಳಿಕೆ" ಅಂತ ಬಂದ್ರೆ, ಆ ಪೇಪರಿಗೂ ಅವರಿಗೂ ಎಣ್ಣೆ ಸೀಗೆಕಾಯಿ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ, ಇದು ನಾನೇ ಕಟ್ಟಿದ್ದು. ಒಬ್ಬ ಸಚಿವರ ಸುದ್ದಿಗೋಷ್ಠಿ, ಒಂದು ಟೆಂಡರ್ ಬಗ್ಗೆ ಪ್ರಶ್ನೆ ಬಂತು, ಸಚಿವರು "ಅದರ ಬಗ್ಗೆ ಆಮೇಲೆ ಮಾತಾಡ್ತೀನಿ" ಅಂದು ಎದ್ದು ಹೋದ್ರು. ನಡೆದಿದ್ದು ಇಷ್ಟೇ. ಮರುದಿನ ಒಂದು ಪೇಪರಲ್ಲಿ "ಟೆಂಡರ್ ಪ್ರಶ್ನೆ: ಉತ್ತರಿಸದೆ ಕಾಲ್ಕಿತ್ತ ಸಚಿವ". ಇನ್ನೊಂದರಲ್ಲಿ "ಸಚಿವರ ಸುದ್ದಿಗೋಷ್ಠಿ ಮೊಟಕು". ಮೂರನೇದರಲ್ಲಿ "ವದಂತಿಗಳಿಗೆ ಸೊಪ್ಪು ಹಾಕದ ಸಚಿವ". ಮೂರರಲ್ಲೂ ಕೋರ್ಟಿಗೆ ಹೋಗೋ ಅಂಥ ಸುಳ್ಳಿಲ್ಲ. ಮೊದಲನೇದರಲ್ಲಿ "ಕಾಲ್ಕಿತ್ತ" ಅನ್ನೋದು ಕಳ್ಳನಿಗೆ ಬಳಸೋ ಮಾತು, ಜೊತೆಗೆ "ಕಿತ್ತ" ಅಂತ ಇದ್ದಿದ್ರಿಂದ ಗೌರವದ ಪ್ರಶ್ನೆನೇ ಬರಲಿಲ್ಲ, "ಕಾಲ್ಕಿತ್ತರು" ಅಂತ ಬರೆದು ನೋಡಿ, ಅರ್ಧ ಧಾರೆ ಹೋಗತ್ತೆ. ಎರಡನೇದರಲ್ಲಿ ಮೊಟಕು ಮಾಡಿದ್ದು ಯಾರು ಅಂತಾನೇ ಇಲ್ಲ, ಕರೆಂಟ್ ಹೋಗಿ ಮೊಟಕಾಯ್ತು ಅಂತ ಓದಿದ್ರೂ ಆಗತ್ತೆ, ಟೆಂಡರ್ ಅನ್ನೋ ಶಬ್ದನೇ ಮಾಯ. ಮೂರನೇದು ಎಲ್ಲಕ್ಕಿಂತ ಚಾಲಾಕಿ, ರಿಪೋರ್ಟರ್ ಕೇಳಿದ ಪ್ರಶ್ನೆನ "ವದಂತಿ" ಮಾಡ್ಬಿಡ್ತು, ಎದ್ದು ಹೋಗಿದ್ದು ಸ್ಥಿತಪ್ರಜ್ಞತೆ ಆಗ್ಬಿಡ್ತು.

ಕ್ರಿಯಾಪದದ ವಿಷಯಕ್ಕೆ ಬಂದ್ರೆ, "ಹೇಳಿದರು" ಅನ್ನೋದೊಂದೇ ನೀರಿನ ಥರ ಬಣ್ಣ ಇಲ್ಲದ್ದು, ಉಳಿದವೆಲ್ಲ ಬಣ್ಣ ಹಚ್ಚಿದವು. "ಸ್ಪಷ್ಟಪಡಿಸಿದರು" ಅಂದ್ರೆ ಹೇಳಿದ್ದು ಸತ್ಯ ಅಂತ ಪೇಪರ್ ಒಪ್ಪಿದ ಹಾಗೆ. "ಸಮರ್ಥಿಸಿಕೊಂಡರು" ಅಂದ್ರೆ ಏನೋ ತಪ್ಪು ಮಾಡಿದಾರೆ ಅಂತ ಅರ್ಥ. "ಒಪ್ಪಿಕೊಂಡರು" ಅಂದ್ರೆ ಮುಚ್ಚಿಟ್ಟಿದ್ರು ಅಂತ. "ಬಾಯ್ಬಿಟ್ಟರು" ಇನ್ನೂ ಒಂದು ಕೈ ಮೇಲೆ. ಹೆಡ್‌ಲೈನಿನ ಸ್ಟಾಕ್ ಮಾಲು ಬೇರೆ ಇದೆ: ಗುಡುಗು, ಕಿಡಿ, ಗರಂ, ವಾಗ್ದಾಳಿ, ತಿರುಗೇಟು, ಟಾಂಗ್. ಇವುಗಳಲ್ಲೂ ಸೂಕ್ಷ್ಮ ಇದೆ, "ಗುಡುಗು" ಅಂದ್ರೆ ದೊಡ್ಡ ಮನುಷ್ಯ, ಸಿಂಹಗರ್ಜನೆ ಥರ, "ಗರಂ" ಅಂದ್ರೆ ತಾಳ್ಮೆ ಕಳ್ಕೊಂಡ, "ಅರಚಾಟ" ಅಂದ್ರೆ ಮರ್ಯಾದೆನೇ ಇಲ್ಲ. ಮೂರೂ ಅದೇ ಮನುಷ್ಯ ಅದೇ ಮೈಕಲ್ಲಿ ಜೋರಾಗಿ ಮಾತಾಡಿದ್ದಕ್ಕೇ ಹಾಕಬಹುದು. ಒಬ್ಬ ನಾಯಕ ಮಾತು ಬದಲಿಸದೆ ಇದ್ರೆ ಇಷ್ಟವಾದವನಾದ್ರೆ "ದೃಢ ನಿಲುವು", ಇಲ್ಲದಿದ್ರೆ "ಹಠ". ಬದಲಿಸಿದ್ರೆ "ಜನಾಭಿಪ್ರಾಯಕ್ಕೆ ಮನ್ನಣೆ" ಅಥವಾ "ಯೂಟರ್ನ್". ಪಾರ್ಟಿ ಬಿಟ್ಟು ಪಾರ್ಟಿಗೆ ಹೋದ್ರೆ "ಸೇರ್ಪಡೆ", ಇಲ್ಲಾ "ಜಿಗಿತ".

ಇದರ ಜೊತೆಗೆ ಹೆಸರು. ಪೂರ್ತಿ ಹೆಸರು, ಹುದ್ದೆ, ಬರೀ ಸರ್‌ನೇಮು, ಇನಿಷಿಯಲ್ಸು, ಮುದ್ದಿನ ಹೆಸರು, ಇವುಗಳಲ್ಲಿ ಯಾವ್ದು ಯಾರಿಗೆ ಅಂತ ನೋಡ್ತಾ ಇರಿ. ಬ್ರಿಟನ್ನಿನ ಟ್ಯಾಬ್ಲಾಯ್ಡ್‌ಗಳು ಮಾರ್ಗರೆಟ್ ಥ್ಯಾಚರ್‌ಗೆ "ಮ್ಯಾಗಿ" ಅಂತಿದ್ವು, ಬೋರಿಸ್ ಜಾನ್ಸನ್‌ಗೆ ಬರೀ "ಬೋರಿಸ್". ಮೊದಲ ಹೆಸರು ಹಿಡಿದು ಕರೆದ್ರೆ ಮನೆ ಹುಡುಗ ಅನ್ನೋ ಭಾವನೆ ಬರತ್ತೆ, ಸರ್‌ನೇಮ್ ಹಾಕಿದ್ರೆ ಆಫೀಸರ್ ಥರ ದೂರ ನಿಲ್ತಾನೆ. ಕೆಲವು ಸಲ ಸಣ್ಣ ಹೆಸರು ಹಾಕೋಕೆ ಕಾರಣ ಜಾಗ ಅಷ್ಟೇ, ಎರಡು ಕಾಲಂ ಹೆಡ್‌ಲೈನಲ್ಲಿ ಹನ್ನೆರಡು ಅಕ್ಷರದ ಹೆಸರು ಹಿಡಿಸಲ್ಲ, ಅದಕ್ಕೂ ಪಿತೂರಿ ಅನ್ಬೇಡಿ. ನಮ್ಮಲ್ಲಿ ಇನ್ನೊಂದು ಅನುಕೂಲ ಅಥವಾ ಅನಾನುಕೂಲ ಇದೆ, ಏಕವಚನ ಬಹುವಚನ. ಇಂಗ್ಲಿಷ್ ಪೇಪರಿಗೆ ಈ ಅಸ್ತ್ರ ಇಲ್ಲ. ಸುದ್ದಿಯ ಒಳಗೆ "ಅವರು ತಿಳಿಸಿದರು" ಅಂತಿದ್ದ ಅದೇ ವ್ಯಕ್ತಿಗೆ ಆರೋಪಪಟ್ಟಿ ಬಿದ್ದ ದಿನ "ಆತ" ಅಂತ ಬಂತಾ ನೋಡಿ. ತೀರ್ಪು ಬರೋಕೆ ಮುಂಚೆನೇ ಸರ್ವನಾಮ ಶಿಕ್ಷೆ ಕೊಟ್ಟಿರತ್ತೆ ಒಮ್ಮೊಮ್ಮೆ.

ಅವರು ನಿಜವಾಗ್ಲೂ ಹಾಗೆ ಅಂದ್ರಾ?

ಹೆಸರು, ಆಮೇಲೆ ಎರಡು ಚುಕ್ಕಿ, ಆಮೇಲೆ ಒಂದು ಮಾತು. ಈ ರೀತಿ ಹೆಡ್‌ಲೈನ್ ಕಂಡ್ರೆ ಅದು ಅವರ ಬಾಯಿಂದ ಬಂದ ಮಾತು ಅಂತ ನಾವು ಓದ್ತೀವಿ. ಎಲ್ಲಾ ಸಲ ಹಾಗಿರಲ್ಲ. ಇದಕ್ಕೆ ದೊಡ್ಡ ಉದಾಹರಣೆ 1975ರ ಅಕ್ಟೋಬರ್ 30ರ ನ್ಯೂಯಾರ್ಕ್ ಡೈಲಿ ನ್ಯೂಸ್ ಮುಖಪುಟ: "ಫೋರ್ಡ್ ಟು ಸಿಟಿ: ಡ್ರಾಪ್ ಡೆಡ್", ನಮ್ಮ ಮಾತಲ್ಲಿ ಹೇಳ್ಬೇಕಂದ್ರೆ "ಊರಿಗೆ ಫೋರ್ಡ್ ಮಾತು: ಸತ್ತು ಹೋಗಿ". ನ್ಯೂಯಾರ್ಕ್ ನಗರ ದಿವಾಳಿ ಅಂಚಿಗೆ ಬಂದಿತ್ತು, ಅಮೆರಿಕ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಹಿಂದಿನ ದಿನದ ಭಾಷಣದಲ್ಲಿ, ನಗರನ ದಿವಾಳಿಯಿಂದ ಉಳಿಸೋಕೆ ಅಂತ ಕೇಂದ್ರದ ದುಡ್ಡು ಕೊಡೋ ಯಾವ ಮಸೂದೆ ಬಂದ್ರೂ ವೀಟೊ ಮಾಡ್ತೀನಿ ಅಂದಿದ್ರು. "ಸತ್ತು ಹೋಗಿ" ಅಂತ ಅವರು ಅಂದಿರಲೇ ಇಲ್ಲ. ಆದ್ರೆ ಜನಕ್ಕೆ ನೆನಪಿರೋದು ಭಾಷಣ ಅಲ್ಲ, ಆ ಹೆಡ್‌ಲೈನು. ಮುಂದಿನ ವರ್ಷದ ಚುನಾವಣೆಯಲ್ಲಿ ಫೋರ್ಡ್ ನ್ಯೂಯಾರ್ಕ್ ರಾಜ್ಯ ಸೋತ್ರು, ಅಧ್ಯಕ್ಷ ಪದವಿನೂ ಹೋಯ್ತು. ಇದು ಅನ್ಯಾಯನಾ? ನನ್ನ ಪ್ರಕಾರ ಪೂರ್ತಿ ಅಲ್ಲ, ಭಾಷಣದ ಸಾರಾಂಶ ಅದೇ ಆಗಿತ್ತು ಅಂತ ವಾದ ಮಾಡಬಹುದು. ಆದ್ರೆ ಓದೋನಿಗೆ ಇದು ಸಾರಾಂಶ, ಉಲ್ಲೇಖ ಅಲ್ಲ ಅಂತ ಗೊತ್ತಿರ್ಬೇಕು.

ಹೀಗಾಗಿ ಒಂದು ಅಭ್ಯಾಸ ಮಾಡ್ಕೊಳಿ. ಹೆಡ್‌ಲೈನಲ್ಲಿ ಇರೋ ಖಾರದ ಶಬ್ದನ ಒಳಗಿನ ಸುದ್ದಿಯಲ್ಲಿ ಹುಡುಕಿ. ಉದ್ಧರಣ ಚಿಹ್ನೆ ಒಳಗೆ, ಯಾರು ಎಲ್ಲಿ ಅಂದ್ರು ಅನ್ನೋದರ ಸಮೇತ ಸಿಕ್ರೆ ಸರಿ. ಸಿಗ್ಲಿಲ್ಲ ಅಂದ್ರೆ ಅದು ಡೆಸ್ಕಿನ ಮಾತು. 2017ರ ಏಪ್ರಿಲ್ 19ರಂದು ಬ್ರಿಟನ್ನಿನ ಡೈಲಿ ಮೇಲ್ ಪೇಪರ್ ಅಲ್ಲಿನ ಪ್ರಧಾನಿ ಥೆರೆಸಾ ಮೇ ಮುಖ ದೊಡ್ಡದಾಗಿ ಹಾಕಿ "ಕ್ರಶ್ ದ ಸ್ಯಾಬೊಟರ್ಸ್", ಅಂದ್ರೆ ವಿಧ್ವಂಸಕರನ್ನ ಹೊಸಕಿಹಾಕಿ ಅಂತ ಬರೀತು, ಮುಖ ಪಕ್ಕದಲ್ಲಿ ಇದ್ದಿದ್ರಿಂದ ಆಕೆನೇ ಅಂದ ಹಾಗಿತ್ತು, ಹಿಂದಿನ ದಿನ ಚುನಾವಣೆ ಘೋಷಿಸಿದ ಭಾಷಣದಲ್ಲಿ ಆ ಮಾತು ಇರಲಿಲ್ಲ. ಅಂದ್ರೆ ಉದ್ಧರಣ ಚಿಹ್ನೆನೂ ಬೇಡ, ಎರಡು ಚುಕ್ಕಿನೂ ಬೇಡ, ಮುಖದ ಪಕ್ಕ ಮಾತು ಇಟ್ರೆ ಸಾಕು, ಕಾಮಿಕ್ಸ್ ಬಲೂನ್ ಥರ ನಾವೇ ಜೋಡಿಸ್ಕೊಳ್ತೀವಿ.

ಒಂಟಿ ಉದ್ಧರಣ ಚಿಹ್ನೆ ಇನ್ನೊಂದು ಆಟ. 'ಹಗರಣ' ಅಂತ ಚಿಹ್ನೆ ಒಳಗೆ ಹಾಕಿದ್ರೆ ಒಂದೋ ಕಾನೂನು ಎಚ್ಚರಿಕೆ, ಇಲ್ಲಾ ಇದೆಲ್ಲ ವಿರೋಧಿಗಳ ಆರೋಪ ಅಷ್ಟೇ ಅಂತ ಸೂಚನೆ. ಅದೇ ಪೇಪರ್ ಇನ್ನೊಂದು ಪಕ್ಷದ ಹಗರಣಕ್ಕೆ ಚಿಹ್ನೆ ಹಾಕದೇ ಬಿಟ್ಟಿದ್ಯಾ ನೋಡ್ಕೊಳಿ. ಪ್ರಶ್ನಾರ್ಥಕ ಚಿಹ್ನೆ ಇದ್ರೆ, "ಸಿಎಂ ಬದಲಾವಣೆ?" ಅಂತ, ಅವರ ಹತ್ರ ಖಚಿತ ಮಾಹಿತಿ ಇಲ್ಲ ಅಂತ ತಿಳ್ಕೊಂಡು ಮುಂದೆ ಹೋಗಿ. "ಎನ್ನಲಾಗಿದೆ", "ಮೂಲಗಳು ತಿಳಿಸಿವೆ" ಅಂತ ಇದ್ರೆ ಮೂಲ ಎಷ್ಟು, ಯಾವ ಕಡೆಯವರು ಅನ್ನೋ ಸುಳಿವು ಇದ್ಯಾ ಅಂತ ನೋಡಿ, ಇಲ್ಲದಿದ್ರೆ ಯಾರೋ ಒಬ್ರು ಫೋನಲ್ಲಿ ಹೇಳಿರಬಹುದು ಅಂದ್ಕೊಳಿ.

ಫೋಟೊ

ಇಲ್ಲಿ ಸ್ವಲ್ಪ ಹೊತ್ತು ಕೂರೋಣ, ಯಾಕಂದ್ರೆ ಹೆಡ್‌ಲೈನ್ ಬಗ್ಗೆ ಅನುಮಾನ ಪಡೋರು ಕೂಡ ಫೋಟೊ ನಂಬ್ತಾರೆ.

ಪ್ರೆಸ್ ಫೋಟೊಗ್ರಾಫರ್ ಕ್ಯಾಮೆರಾ ಸೆಕೆಂಡಿಗೆ ಹತ್ತು, ಇಪ್ಪತ್ತು ಫ್ರೇಮ್ ತೆಗೆಯತ್ತೆ. ಅರ್ಧ ಗಂಟೆ ಭಾಷಣಕ್ಕೆ ಸಾವಿರಗಟ್ಟಲೆ ಫ್ರೇಮ್ ಬರಬಹುದು. ಅದರಲ್ಲಿ ಕಣ್ಣು ಅರ್ಧ ಮುಚ್ಚಿರೋದು, ಬಾಯಿ ಸೊಟ್ಟ ಆಗಿರೋದು, ಮೂಗು ಮುಟ್ಕೊಂಡಿದ್ದು, ನಕ್ಕಿದ್ದು, ಬೆರಳು ತೋರಿಸಿದ್ದು ಎಲ್ಲಾ ಇರತ್ತೆ, ಎಂಥ ಮಹಾನ್ ನಾಯಕ ಆದ್ರೂ ಇರತ್ತೆ. ಆ ಗುಡ್ಡೆಯಿಂದ ಒಂದನ್ನ ಹೆಕ್ಕಿದೋನು ಫೋಟೊಗ್ರಾಫರ್ ಅಲ್ಲ, ಎಡಿಟರ್. ಹಾಗಾಗಿ ಮುಖಭಾವ ನೋಡಿ "ಪಾಪ ಸೋತು ಹೋಗಿದಾನೆ" ಅಂತ ತೀರ್ಮಾನಕ್ಕೆ ಬರೋ ಮೊದಲು, ಆ ಮುಖಭಾವ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಇದ್ದಿರಬಹುದು ಅಂತ ನೆನಪಿರಲಿ.

ಆಮೇಲೆ ಫೋಟೊ ತೆಗೆದಿದ್ದು ಯಾವಾಗ ಅಂತ ನೋಡಿ. ಕ್ಯಾಪ್ಷನಲ್ಲಿ ಸಂಗ್ರಹ ಚಿತ್ರ ಅಂತ ಇರತ್ತೆ ಸಣ್ಣಕ್ಕೆ, ಒಮ್ಮೊಮ್ಮೆ ಅದೂ ಇರಲ್ಲ. ಆಗ ಬ್ರಿಟನ್ನಿನ ಲೇಬರ್ ಪಕ್ಷದ ನಾಯಕನಾಗಿದ್ದ ಎಡ್ ಮಿಲಿಬ್ಯಾಂಡ್ ಬೇಕನ್ (ಹಂದಿ ಮಾಂಸ) ಸ್ಯಾಂಡ್‌ವಿಚ್ ತಿನ್ನೋ ಫೋಟೊ ತೆಗೆದಿದ್ದು 2014ರ ಮೇನಲ್ಲಿ. ಅಲ್ಲಿನ ದ ಸನ್ ಪೇಪರ್ ಅದನ್ನ ಇಡೀ ಮುಖಪುಟಕ್ಕೆ ಹಾಕಿದ್ದು 2015ರ ಮೇ 6ಕ್ಕೆ, ಅಂದ್ರೆ ಮತದಾನದ ಹಿಂದಿನ ದಿನ, "ಸೇವ್ ಅವರ್ ಬೇಕನ್" (ನಮ್ಮನ್ನ ಕಾಪಾಡಿ ಅನ್ನೋ ಅರ್ಥದ ನುಡಿಗಟ್ಟು) ಅನ್ನೋ ಹೆಡ್‌ಲೈನ್ ಜೊತೆ. ಹೆಚ್ಚುಕಮ್ಮಿ ಒಂದು ವರ್ಷ ಹಳೇ ಫೋಟೊ, ಅದರಲ್ಲಿ ಸುದ್ದಿ ಅನ್ನೋದೇ ಇರಲಿಲ್ಲ. ಕೆಳಗಿನ ಸಾಲಲ್ಲಿ ಸ್ಯಾಂಡ್‌ವಿಚ್‌ಗೆ ಈ ಗತಿ ಮಾಡಿದೋನು 48 ಗಂಟೆಯಲ್ಲಿ ಬ್ರಿಟನ್‌ಗೂ ಅದೇ ಗತಿ ಮಾಡಬಹುದು ಅಂತ ಬರೆದಿದ್ರು. ಒಬ್ಬನಿಗೆ ನೀಟಾಗಿ ತಿನ್ನೋಕೆ ಬರಲ್ಲ ಅನ್ನೋದರಿಂದ ದೇಶ ನಡೆಸೋಕೆ ಬರಲ್ಲ ಅನ್ನೋವರೆಗೆ ಒಂದೇ ಹೆಜ್ಜೆ, ಆ ಹೆಜ್ಜೆ ಇಡಿಸಿದ್ದು ಫೋಟೊ.

ಕ್ಯಾಮೆರಾ ಎಲ್ಲಿತ್ತು ಅಂತ ಊಹಿಸಿ. ಕೆಳಗಿಂದ ಮೇಲಕ್ಕೆ ತೆಗೆದಿದ್ರೆ ಮನುಷ್ಯ ಎತ್ತರ, ಗದ್ದ ಗಟ್ಟಿ, ಹಿಂದೆ ಆಕಾಶ ಅಥವಾ ಬಾವುಟ. ಮೇಲಿಂದ ತೆಗೆದಿದ್ರೆ ಕುಳ್ಳ, ನೆತ್ತಿ ಬೊಕ್ಕತಲೆ ಮುಂದಕ್ಕೆ ಬರತ್ತೆ. ತೀರಾ ಹತ್ತಿರ, ಹಣೆ ಕಟ್ ಮಾಡಿ ಕಣ್ಣು ಬಾಯಿ ಮಾತ್ರ ತುಂಬಿಸಿದ್ರೆ ಒಂದೋ ಭಯ ಆಗತ್ತೆ ಇಲ್ಲಾ ಬೆವರು ಕಾಣತ್ತೆ. ನೋಟ ಯಾವ ಕಡೆ ಇದೆ? ನಮ್ಮನ್ನೇ ನೋಡ್ತಾ ಇದ್ರೆ ಮಾತಾಡಿಸ್ದ ಹಾಗೆ, ದೂರ ಎಲ್ಲೋ ಮೇಲೆ ನೋಡ್ತಿದ್ರೆ ದೂರದೃಷ್ಟಿ, ಕೆಳಗೆ ನೋಡ್ತಿದ್ರೆ ತಪ್ಪಿತಸ್ಥ. ಇಬ್ಬರು ವಿರೋಧಿಗಳ ಫೋಟೊ ಎದುರುಬದುರು ಇಟ್ಟಿದ್ರೆ ಒಬ್ಬರ ಫೋಟೊ ಕನ್ನಡಿ ಥರ ತಿರುಗಿಸಿರೋ ಸಾಧ್ಯತೆ ಇದೆ, ಬೈತಲೆ ಬೇರೆ ಕಡೆ ಇದ್ಯಾ, ಶರ್ಟ್ ಬಟನ್ ಪಟ್ಟಿ ಉಲ್ಟಾ ಇದ್ಯಾ, ಬ್ಯಾಡ್ಜಿನ ಅಕ್ಷರ ಉಲ್ಟಾ ಇದ್ಯಾ ನೋಡಿದ್ರೆ ಸಿಕ್ಕಿಬೀಳತ್ತೆ.

ಜನಸಂದಣಿ ಫೋಟೊದಲ್ಲಿ ಮೋಸ ಹೋಗೋದು ಇನ್ನೂ ಸುಲಭ. ಉದ್ದ ಟೆಲಿ ಲೆನ್ಸ್ ಹಾಕಿ ಜನರ ತಲೆ ಮಟ್ಟದಿಂದ ತೆಗೆದ್ರೆ ಹಿಂದಿನ ತಲೆಗಳೆಲ್ಲ ಮುಂದಿನ ತಲೆಗೆ ಅಂಟ್ಕೊಂಡ ಹಾಗೆ ಬಂದು ಐನೂರು ಜನ ಐದು ಸಾವಿರ ಥರ ಕಾಣ್ತಾರೆ. ಮೇಲಿಂದ ತೆಗೆದ್ರೆ ಖಾಲಿ ಜಾಗ ಎಲ್ಲಾ ಬಯಲಾಗತ್ತೆ. ಹಾಗಾಗಿ ಫ್ರೇಮಿನ ಅಂಚು ನೋಡಿ, ಅಂಚಲ್ಲಿ ಜನ ಮುಗಿಯೋ ಮೊದಲೇ ಫೋಟೊ ಮುಗಿದಿದ್ರೆ ಆಚೆ ಏನಿದೆ ಅಂತ ನಿಮಗೆ ಗೊತ್ತಿಲ್ಲ. 2015ರ ಜನವರಿ 11ಕ್ಕೆ ಪ್ಯಾರಿಸ್ಸಿನಲ್ಲಿ ಭಯೋತ್ಪಾದನೆ ವಿರುದ್ಧ ದೊಡ್ಡ ಮೆರವಣಿಗೆ ಆಯ್ತಲ್ಲ, 40ಕ್ಕೂ ಹೆಚ್ಚು ದೇಶಗಳ ನಾಯಕರು ಕೈ ಕೈ ಹಿಡ್ಕೊಂಡು ಮುಂದೆ ನಡೀತಿರೋ ಫೋಟೊ ಪ್ರಪಂಚದ ಎಷ್ಟೋ ಮುಖಪುಟಕ್ಕೆ ಬಂತು, ಅವರ ಹಿಂದೆ ಲಕ್ಷಾಂತರ ಜನ ಇದಾರೆ ಅನ್ನೋ ಥರ. ಮೇಲಿಂದ ತೆಗೆದ ಶಾಟಲ್ಲಿ ನೋಡಿದ್ರೆ ನಾಯಕರ ಗುಂಪಿನ ಹಿಂದೆ ಖಾಲಿ ರಸ್ತೆ, ಸೆಕ್ಯೂರಿಟಿಯವರು, ಜನ ಬೇರೆ ಕಡೆ. ಸೆಕ್ಯೂರಿಟಿ ಕಾರಣಕ್ಕೆ ಹಾಗೆ ಮಾಡಿದ್ರು, ಅದರಲ್ಲಿ ತಪ್ಪೇನಿಲ್ಲ, ಆದ್ರೆ "ಜನರನ್ನ ಮುನ್ನಡೆಸಿದ ನಾಯಕರು" ಅನ್ನೋ ಚಿತ್ರ ಕ್ಯಾಮೆರಾ ನಿಂತ ಜಾಗದಿಂದ ಹುಟ್ಟಿದ್ದು.

ಅದೇ ಫೋಟೊಗೆ ಇನ್ನೊಂದು ಗತಿನೂ ಆಯ್ತು. ಇಸ್ರೇಲಿನ ಹಮೆವಾಸೆರ್ ಅನ್ನೋ ಕಟ್ಟಾ ಸಂಪ್ರದಾಯವಾದಿ ಪೇಪರ್ ಹೆಂಗಸರ ಚಿತ್ರ ಹಾಕಲ್ಲ ಅನ್ನೋ ನಿಯಮಕ್ಕೆ ಅಂಟ್ಕೊಂಡು ಮುಂದಿನ ಸಾಲಲ್ಲಿದ್ದ ಜರ್ಮನಿ ಚಾನ್ಸಲರ್ ಆಂಗೆಲಾ ಮರ್ಕೆಲ್‌ನೇ ಅಳಿಸಿ ಹಾಕಿತ್ತು. ಇಂಥ ಅಳಿಸುವಿಕೆ ದೊಡ್ಡ ಹೆಸರಿನ ಪತ್ರಿಕೆಗಳಲ್ಲೂ ಆಗಿದೆ. 2010ರ ಜೂನಲ್ಲಿ ದ ಇಕನಾಮಿಸ್ಟ್ ಕವರಲ್ಲಿ ಒಬಾಮಾ ಸಮುದ್ರ ತೀರದಲ್ಲಿ ತಲೆ ತಗ್ಗಿಸಿ ಒಬ್ಬರೇ ನಿಂತಿದ್ರು, ಹಿಂದೆ ತೈಲ ಬಾವಿಯ ರಿಗ್. ಮೆಕ್ಸಿಕೊ ಕೊಲ್ಲಿಯ ತೈಲ ಸೋರಿಕೆ ಸಮಯ ಅದು. ರಾಯಿಟರ್ಸ್ ಸುದ್ದಿ ಏಜೆನ್ಸಿ ತೆಗೆದ ಮೂಲ ಫೋಟೊದಲ್ಲಿ ಪಕ್ಕದಲ್ಲಿ ಇನ್ನಿಬ್ಬರು ಇದ್ರು, ಒಬ್ಬರನ್ನ ಕ್ರಾಪ್ ಮಾಡಿ, ಇನ್ನೊಬ್ಬರನ್ನ ಅಳಿಸಿ ತೆಗೆದಿದ್ರು. ಪಕ್ಕದಲ್ಲಿರೋರ ಜೊತೆ ಮಾತಾಡ್ತಾ ಕೆಳಗೆ ನೋಡಿದ್ದು, ಒಬ್ಬನೇ ನಿಂತು ಕೆಳಗೆ ನೋಡಿದ್ದು, ಕತ್ತಿನ ಕೋನ ಒಂದೇ, ಅರ್ಥ ಪೂರ್ತಿ ಬೇರೆ. ಅನುಮಾನ ಬಂದ್ರೆ ಫೋಟೊನ ರಿವರ್ಸ್ ಇಮೇಜ್ ಸರ್ಚ್ ಮಾಡಿ (ಪದದ ಬದಲು ಫೋಟೊನೇ ಕೊಟ್ಟು ನೆಟ್ಟಲ್ಲಿ ಹುಡುಕೋದು), ಏಜೆನ್ಸಿಯವರ ಮೂಲ ಫ್ರೇಮ್ ಸಿಗತ್ತೆ ಬಹಳ ಸಲ, ಏನು ಕತ್ತರಿಸಿದಾರೆ ಅಂತ ಅಲ್ಲೇ ಗೊತ್ತಾಗತ್ತೆ.

ಇನ್ನೊಂದು ಸಣ್ಣ ವಿಷಯ, ನೆರೆಹೊರೆ. ಒಬ್ಬ ನಾಯಕ ನಗ್ತಾ ಇರೋ ಫೋಟೊ, ಅದರ ಪಕ್ಕದಲ್ಲೇ ಅವನಿಗೆ ಸಂಬಂಧನೇ ಇಲ್ಲದ ಅಪಘಾತದ ಹೆಡ್‌ಲೈನ್. ಎರಡರ ಮಧ್ಯೆ ಗೆರೆ ಇದೆ, ಆದ್ರೆ ಕಣ್ಣು ಗೆರೆ ದಾಟತ್ತೆ. ಇದು ಬೇಕು ಅಂತ ಮಾಡಿದ್ದೂ ಇರಬಹುದು, ರಾತ್ರಿ ಹನ್ನೊಂದಕ್ಕೆ ಜಾಹೀರಾತು ಬಂದು ಪುಟ ಬದಲಾದ ಗಡಿಬಿಡಿನೂ ಇರಬಹುದು, ಒಂದು ದಿನ ನೋಡಿ ಹೇಳಕ್ಕಾಗಲ್ಲ.

ಅದಲು ಬದಲು ಮಾಡಿ ನೋಡಿ

ನನಗೆ ತಿಳಿದ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ಇದು. ಹೆಡ್‌ಲೈನ್ ಹಾಗೇ ಇಟ್ಟು ಹೆಸರು ಮಾತ್ರ ವಿರೋಧಿ ನಾಯಕನದ್ದು ಹಾಕಿ. ಈ ಪೇಪರ್ ಹೀಗೆ ಬರೀತಿತ್ತಾ? ಗಂಡಸಿನ ಜಾಗದಲ್ಲಿ ಹೆಂಗಸನ್ನ ಹಾಕಿ, ಹೆಂಗಸಿನ ಜಾಗದಲ್ಲಿ ಗಂಡಸನ್ನ. 2017ರ ಮಾರ್ಚ್ 28ರ ಡೈಲಿ ಮೇಲ್ ತಗೊಳಿ. ಬ್ರಿಟನ್ ಪ್ರಧಾನಿ ಥೆರೆಸಾ ಮೇ, ಸ್ಕಾಟ್‌ಲೆಂಡಿನ ಫಸ್ಟ್ ಮಿನಿಸ್ಟರ್ ನಿಕೊಲಾ ಸ್ಟರ್ಜನ್ ಇಬ್ಬರೂ ಕೂತು ಮಾತಾಡಿದ ಫೋಟೊ, ಬ್ರೆಕ್ಸಿಟ್, ಅಂದ್ರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡೋ ಪ್ರಕ್ರಿಯೆ ಅಧಿಕೃತವಾಗಿ ಶುರುವಾಗೋಕೆ ಒಂದೇ ದಿನ ಬಾಕಿ, ಸ್ಕಾಟ್‌ಲೆಂಡ್ ಬೇರೆ ಹೋಗೋ ಪ್ರಶ್ನೆ ಮೇಜಿನ ಮೇಲಿದೆ, ಹೆಡ್‌ಲೈನ್ ಮಾತ್ರ "ಬ್ರೆಕ್ಸಿಟ್ ಬಿಡಿ, ಲೆಗ್ಸಿಟ್ ಗೆದ್ದವರು ಯಾರು!" ಅಂತ, ಅಂದ್ರೆ ಯಾರ ಕಾಲು ಚೆನ್ನಾಗಿದೆ ಅಂತ. ಅಲ್ಲಿ ಇಬ್ಬರು ಗಂಡಸು ಪ್ರಧಾನಿಗಳನ್ನ ಕೂರಿಸಿ, ಪ್ಯಾಂಟಿನ ಬಗ್ಗೆ ಹೆಡ್‌ಲೈನ್ ಕಲ್ಪಿಸ್ಕೊಳಿ, ಬರಲ್ಲ. ಮಹಿಳಾ ರಾಜಕಾರಣಿಗಳ ವಿಷಯದಲ್ಲಿ "ಭಾವುಕ", "ಕಣ್ಣೀರು", ಯಾರ ಮಗಳು ಯಾರ ಹೆಂಡತಿ ಅನ್ನೋದು, ಬಟ್ಟೆ ಬಣ್ಣ, ಇವು ಎಷ್ಟು ಬೇಗ ಬರತ್ತೆ ಅಂತ ನೋಡಿ, ಅದೇ ಪುಟದಲ್ಲಿ ಕಣ್ಣೊರೆಸಿಕೊಂಡ ಗಂಡಸು "ಮಾನವೀಯ ಮುಖ" ಆಗಿರ್ತಾನೆ.

ಪದ, ಚಿತ್ರ ಎರಡೂ ಸೇರಿ ಹೇಗೆ ಕೆಲಸ ಮಾಡತ್ತೆ ಅನ್ನೋಕೆ ಒಂದೇ ಪುಟ ತೋರ್ಸು ಅಂದ್ರೆ ನಾನು 1992ರ ಏಪ್ರಿಲ್ 9ರ ದ ಸನ್ ತೋರಿಸ್ತೀನಿ. ಬ್ರಿಟನ್ ಚುನಾವಣೆ ದಿನ. ಲೇಬರ್ ಪಕ್ಷದ ನೀಲ್ ಕಿನಾಕ್ ತಲೆನ ಒಂದು ಬಲ್ಬ್ ಒಳಗೆ ಕೂರಿಸಿ, "ಇವತ್ತು ಕಿನಾಕ್ ಗೆದ್ರೆ, ಬ್ರಿಟನ್ ಬಿಟ್ಟು ಹೋಗೋ ಕೊನೆಯವರು ದಯವಿಟ್ಟು ಲೈಟ್ ಆರಿಸಿ ಹೋಗ್ತೀರಾ" ಅಂತ ಬರೆದಿದ್ರು. ಈಗ ಕೂಲಾಗಿ ಬಿಡಿಸಿ. "ಗೆದ್ರೆ" ಅಂತ ಇದೆ, ಹಾಗಾಗಿ ಸುಳ್ಳು ಅನ್ನಕ್ಕಾಗಲ್ಲ, "ರೆ" ಪ್ರತ್ಯಯಕ್ಕೆ ಸತ್ಯ ಸುಳ್ಳು ಅನ್ನೋದಿಲ್ಲ. ಕಿನಾಕ್ ಏನು ಮಾಡ್ತಾರೆ, ಯಾವ ನೀತಿ ತರ್ತಾರೆ, ಒಂದಕ್ಷರ ಇಲ್ಲ. ಎಲ್ಲರೂ ದೇಶ ಬಿಟ್ಟು ಹೋಗೋದು ಅನ್ನೋದನ್ನ ವಾದ ಮಾಡಿ ಹೇಳಿಲ್ಲ, ಆಗೋದೇ ಅಂತ ಒಪ್ಪಿಕೊಂಡು ಅದರ ಮೇಲೆ ಜೋಕ್ ಕಟ್ಟಿದಾರೆ, ಜೋಕಿಗೆ ನಕ್ಕ ತಕ್ಷಣ ಆ ಊಹೆ ಒಳಗೆ ಹೋಗಿ ಕೂತಾಯ್ತು. "ದಯವಿಟ್ಟು" ಅನ್ನೋ ವಿನಯ ಬೇರೆ. ಪ್ರಧಾನಿ ಆಗಬಹುದಾದ ಮನುಷ್ಯನ ತಲೆ ಬಲ್ಬ್ ಸೈಜಿಗೆ ಇಳಿದಿದೆ. ಆ ಚುನಾವಣೆಯಲ್ಲಿ ಜಾನ್ ಮೇಜರ್‌ರ ಕನ್ಸರ್ವೇಟಿವ್ ಪಕ್ಷ ಗೆದ್ದು, ಏಪ್ರಿಲ್ 11ಕ್ಕೆ ಅದೇ ಪೇಪರ್ "ಗೆಲ್ಸಿದ್ದು ಸನ್ನೇ" ಅನ್ನೋ ಅರ್ಥದ "ಇಟ್ಸ್ ದ ಸನ್ ವಾಟ್ ವನ್ ಇಟ್" ಹಾಕ್ಕೊಂಡು ಬೀಗಿತ್ತು. ಇಪ್ಪತ್ತು ವರ್ಷ ಆದ್ಮೇಲೆ 2012ರಲ್ಲಿ ಬ್ರಿಟನ್ ಪತ್ರಿಕೆಗಳ ನಡವಳಿಕೆ ಬಗ್ಗೆ ನಡೆದ ಲೆವೆಸನ್ ವಿಚಾರಣೆಯಲ್ಲಿ ಪೇಪರಿನ ಮಾಲೀಕ ರೂಪರ್ಟ್ ಮರ್ಡಾಕ್ ಆ ಹೆಡ್‌ಲೈನ್ ಅಭಿರುಚಿಹೀನ, ತಪ್ಪು ಅಂತ ಹೇಳಿದ್ರು. ಒಂದು ಪೇಪರ್ ಚುನಾವಣೆ ಗೆಲ್ಸಬಹುದಾ ಅನ್ನೋದು ಬೇರೆ ಚರ್ಚೆ, ನನಗೆ ಅಷ್ಟೊಂದು ನಂಬಿಕೆ ಇಲ್ಲ, ಜನ ತಮಗೆ ಒಪ್ಪೋ ಪೇಪರನ್ನೇ ಕೊಳ್ತಾರೆ.

ಇನ್ನು ನೀವೇ ಮಾಡೋಕೆ: ಒಂದೇ ದಿನದ ನಾಲ್ಕೈದು ಪೇಪರಿನ ಮುಖಪುಟ ಪಕ್ಕಪಕ್ಕ ಇಟ್ಕೊಳಿ, ಒಂದೇ ಘಟನೆ ಆಯ್ಕೊಳಿ. ಪ್ರತಿ ಪೇಪರಿಗೂ ಒಂದೊಂದು ಸಾಲು ಬರೀರಿ: ಎಷ್ಟು ಕಾಲಂ, ಮಡಿಕೆ ಮೇಲಾ ಕೆಳಗಾ, ಕರ್ತೃ ಇದಾನಾ, ಕ್ರಿಯಾಪದ ಯಾವ್ದು, ಹೆಸರು ಹೇಗೆ ಕರೆದಿದಾರೆ, ಫೋಟೊ ಯಾವಾಗಿಂದು, ಕ್ಯಾಮೆರಾ ಮೇಲಾ ಕೆಳಗಾ, ಎದುರು ಪಕ್ಷದ ಮಾತು ಎಷ್ಟನೇ ಪ್ಯಾರಾದಲ್ಲಿ. ಒಂದು ದಿನ ಮಾಡಿ ತೀರ್ಪು ಕೊಡಬೇಡಿ, ಎರಡು ಮೂರು ವಾರ ಮಾಡಿ, ಮತ್ತು ನಿಮಗೆ ಇಷ್ಟವಾದ ಪಕ್ಷ ಹಾಗೂ ಆಗದ ಪಕ್ಷ ಎರಡರ ಸುದ್ದಿಗೂ ಮಾಡಿ, ಬರೀ ಆಗದ ಪೇಪರನ್ನ ಹಿಡಿದು ಜಾಲಾಡಿದ್ರೆ ಅದು ಓದೋದಲ್ಲ, ಜಗಳಕ್ಕೆ ಸಾಮಾನು ಕೂಡಿಸೋದು. ಮುಖಪುಟ ಪೂರ್ತಿ ಒಬ್ಬ ನಾಯಕನ ಫೋಟೊ ಇದ್ರೆ ಮೊದಲು ಮೂಲೆಯಲ್ಲಿ ಜಾಹೀರಾತು ಅನ್ನೋ ಸಣ್ಣ ಅಕ್ಷರ ಇದ್ಯಾ ನೋಡಿ, ಜಾಕೆಟ್ ಜಾಹೀರಾತನ್ನ (ಪೇಪರಿನ ಹೊರಗೆ ಸುತ್ತೋ ಜಾಹೀರಾತು ಪುಟ) ಮುಖಪುಟ ಅಂತ ತಿಳ್ಕೊಂಡು ಬೈಯೋರೂ ಹೊಗಳೋರೂ ಇಬ್ಬರೂ ಇದಾರೆ.

ಎಲ್ಲದರಲ್ಲೂ ಸಂಚು ಹುಡುಕಬೇಡಿ ಅಂತ ಹೇಳೋಕೆ ಒಂದು ಹಳೇ ಪುಟ ಇದೆ. 1948ರ ನವೆಂಬರ್ 3ರ ಶಿಕಾಗೊ ಡೈಲಿ ಟ್ರಿಬ್ಯೂನ್ "ಡ್ಯೂಯಿ ಡಿಫೀಟ್ಸ್ ಟ್ರೂಮನ್" (ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಟ್ರೂಮನ್‌ನ ಡ್ಯೂಯಿ ಸೋಲಿಸಿದ್ರು) ಅಂತ ಪುಟದ ಅಗಲಕ್ಕೂ ಹಾಕ್ತು, ಗೆದ್ದಿದ್ದು ಟ್ರೂಮನ್. ಆ ಪೇಪರಿಗೆ ಟ್ರೂಮನ್ ಕಂಡ್ರೆ ಆಗ್ತಿರಲಿಲ್ಲ ಅನ್ನೋದು ನಿಜ, ಆದ್ರೆ ಅವತ್ತು ಮುದ್ರಣದವರ ಸ್ಟ್ರೈಕ್ ಇದ್ದಿದ್ರಿಂದ ಪುಟ ಮಾಮೂಲಿಗಿಂತ ಗಂಟೆಗಟ್ಟಲೆ ಮೊದಲೇ ಕಳಿಸಬೇಕಿತ್ತು, ಫಲಿತಾಂಶ ಬಂದಿರಲಿಲ್ಲ, ಊಹೆ ಮೇಲೆ ಕಳಿಸಿದ್ರು. ಒಲವು ಮತ್ತು ಡೆಡ್‌ಲೈನ್ ಎರಡೂ ಸೇರ್ಕೊಂಡ್ರೆ ಹೀಗಾಗತ್ತೆ, ಯಾವ್ದು ಎಷ್ಟು ಪಾಲು ಅಂತ ಹೊರಗಿಂದ ತೂಕ ಹಾಕೋದು ಕಷ್ಟ. ಆಮೇಲೆ ಟ್ರೂಮನ್ ರೈಲಿನ ಹಿಂಬದಿ ನಿಂತು ಆ ಪೇಪರ್ ಎತ್ತಿ ಹಿಡಿದು ನಕ್ಕ ಫೋಟೊ ಆ ಪುಟಕ್ಕಿಂತ ಜಾಸ್ತಿ ಫೇಮಸ್ ಆಯ್ತು, ತನ್ನನ್ನ ಸೋಲಿಸಿದ ಮುಖಪುಟನೇ ಗೆಲುವಿನ ಪೋಸ್ಟರ್ ಮಾಡ್ಕೊಂಡ್ರು.

ಇ-ಪೇಪರ್ ನೋಡೋರಿಗೆ ಕೊನೇ ಮಾತು, ಎಡಿಷನ್ ಬದಲಾಯಿಸಿ ನೋಡಿ. ಒಂದೇ ಪೇಪರ್ ಒಂದೊಂದು ಊರಿಗೆ ಒಂದೊಂದು ಲೀಡ್ ಇಟ್ಟಿರತ್ತೆ, ಒಬ್ಬನೇ ನಾಯಕ ಅವನ ಕ್ಷೇತ್ರದ ಎಡಿಷನಲ್ಲಿ ಮೇಲೆ ನಗ್ತಾ ಇರ್ತಾನೆ, ಬೇರೆ ಕಡೆ ಪುಟದಲ್ಲೇ ಇರಲ್ಲ. ವೆಬ್‌ಸೈಟಲ್ಲಿ ಹೆಡ್‌ಲೈನ್ ಮಧ್ಯಾಹ್ನದ ಹೊತ್ತಿಗೆ ಸದ್ದಿಲ್ಲದೆ ಬದಲಾಗಿರತ್ತೆ, ಅದಕ್ಕೆ ಬೆಳಗ್ಗೆನೇ ಸ್ಕ್ರೀನ್‌ಶಾಟ್ ತಗೊಂಡು ಡೇಟ್ ಹಾಕಿಡಿ. ಮತ್ತೆ ಎರಡು ಮೂರು ದಿನ ಬಿಟ್ಟು ಒಳಪುಟದಲ್ಲಿ "ತಿದ್ದುಪಡಿ" ಅಥವಾ "ಸ್ಪಷ್ಟೀಕರಣ" ಅನ್ನೋ ಚೌಕ ಬಂದಿದ್ಯಾ ಹುಡುಕಿ, ಬಂದಿದ್ರೆ ಆ ಚೌಕದ ಅಳತೆನ ಮೂಲ ಹೆಡ್‌ಲೈನ್ ಸೈಜ್ ಪಕ್ಕ ನಿಮ್ಮ ಪಟ್ಟಿಯಲ್ಲೇ ಬರ್ಕೊಳಿ.